ಹೇಳದೆ ಉಳಿದ ನಾಲ್ಕನೆಯ ಕಥೆ

ಒಂದು ನಾಡಿನ ಚಲಚ್ಚಿತ್ರಗಳ ಬೆಲೆಯನ್ನು ಅಳೆಯುವುದಕ್ಕೆ ಅವು ಗಳಿಸಿದ ಬಹುಮಾನಗಳ ಪಟ್ಟಿ ಸಾಲದು. ಅವು ಹೇಳಿದ ಕಥೆಗಳ ಪಟ್ಟಿಯೂ ಸಾಲದು. ಹೇಳಬೇಕಾಗಿದ್ದೂ ಹೇಳದೆ ಬಿಟ್ಟ ಕಥೆ ಯಾವುದು, ಅದನ್ನು ಹೇಳುವ ಧೈರ್ಯ ಎಂದು ಬಂತು, ಯಾರಿಗೆ ಬಂತು ಎಂದು ಕೇಳಬೇಕು. ಇಸ್ರೇಲ್ ದೇಶದ ಚಿತ್ರಗಳನ್ನು ಆಸಕ್ತಿಯಿಂದ ನೋಡುತ್ತ ಬಂದಿರುವ ನನಗೆ ಈ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಗಿದೆ. ಆ ದೇಶದ ಹೆಸರು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ಯುದ್ಧ, ಗಡಿ, ಒಪ್ಪಂದ, ಒಪ್ಪಂದದ ಭಂಗ. ಅದು ವೃತ್ತಪತ್ರಿಕೆಗಳು ನಮಗೆ ಕೊಟ್ಟಿರುವ ಇಸ್ರೇಲ್. ಅಲ್ಲಿನ ಒಳ್ಳೆಯ ಚಿತ್ರಗಳು ಕೊಡುವ ಇಸ್ರೇಲ್ ಬೇರೆ. ಅಲ್ಲಿ ಅಡಿಗೆಮನೆಯಿದೆ, ಮಗನ ಮದುವೆಗಾಗಿ ಹಗಲಿರುಳು ಕೊರಗುವ ತಾಯಿಯಿದ್ದಾಳೆ, ನಾಲ್ಕು ಮಕ್ಕಳನ್ನು ಸಾಕಲು ಪರರ ಮನೆಯಲ್ಲಿ ದುಡಿಯುವ ವಿಧವೆಯಿದ್ದಾಳೆ, ಬಿಡುಗಡೆಯ ಪತ್ರಕ್ಕಾಗಿ ನ್ಯಾಯಸ್ಥಾನದ ಬೆಂಚಿನ ಮೇಲೆ ವರ್ಷಗಟ್ಟಲೆ ಕುಳಿತ ಹೆಂಡತಿಯಿದ್ದಾಳೆ. ಆ ದೇಶದ ಚರಿತ್ರೆಯನ್ನು ರಣರಂಗದ ಚಿತ್ರಗಳಿಗಿಂತ ಈ ಮನೆಗಳ ಚಿತ್ರಗಳೇ ಹೆಚ್ಚು ಪ್ರಾಮಾಣಿಕವಾಗಿ ಬರೆದಿವೆಯೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ.

ಮೊದಲಿನಿಂದ ಪ್ರಾರಂಭಿಸೋಣ. ‘ಹಿಲ್ 24 ಡಸಂಟ್ ಆನ್ಸರ್’, ಎಂದರೆ ‘24ನೆಯ ಗುಡ್ಡ ಉತ್ತರಿಸುತ್ತಿಲ್ಲ’ ಎಂಬ ಚಿತ್ರ 1955ರಲ್ಲಿ ಬಂತು. ಇಸ್ರೇಲಿನಲ್ಲಿಯೇ ತಯಾರಾದ ಪೂರ್ಣಪ್ರಮಾಣದ ಕಥಾಚಿತ್ರಗಳಲ್ಲಿ ಅದು ಮೊದಮೊದಲಿನದು. ನಿರ್ದೇಶಕ ಥೊರೊಲ್ಡ್ ಡಿಕಿನ್ಸನ್ ಆಂಗ್ಲೇಯ. ಚಿತ್ರದ ಮಾತೂ ಬಹುಪಾಲು ಇಂಗ್ಲಿಷೇ. 1948ರ ಯುದ್ಧದ ಸಂದರ್ಭ. ಕದನವಿರಾಮ ಜಾರಿಗೆ ಬರುವ ಮುನ್ನ ಜೆರೂಸಲೇಮಿನ ದಾರಿಯ ಒಂದು ಗುಡ್ಡವನ್ನು ಹಿಡಿದು ನಿಲ್ಲಬೇಕೆಂದು ನಾಲ್ವರನ್ನು ಕಳುಹಿಸುತ್ತಾರೆ. ಒಬ್ಬ ಐರ್ಲೆಂಡಿನವನು, ಒಬ್ಬ ಅಮೆರಿಕದ ಯೆಹೂದಿ, ಒಬ್ಬ ಆ ನೆಲದಲ್ಲಿಯೇ ಹುಟ್ಟಿದ ತರುಣ, ನಾಲ್ಕನೆಯವಳು ಎಸ್ತೇರ್, ಯೆಮನ್ ಮೂಲದ ಹೆಣ್ಣು. ಗಂಡಸರು ಮೂವರೂ ಹೇಗೆ ಈ ಹೋರಾಟಕ್ಕೆ ಬಂದು ಸೇರಿದರೆಂಬ ಕಥೆ ಒಂದೊಂದಾಗಿ ತೆರೆಯ ಮೇಲೆ ಬಿಚ್ಚಿಕೊಳ್ಳುತ್ತದೆ. ಎಸ್ತೇರಳ ಕಥೆ ಬರುವುದೇ ಇಲ್ಲ. ಕೊನೆಗೆ ನಾಲ್ವರೂ ಮಡಿಯುತ್ತಾರೆ. ಸತ್ತ ಎಸ್ತೇರಳ ಕೈಯಲ್ಲಿದ್ದ ಧ್ವಜವನ್ನು ಕಂಡು ಗುಡ್ಡ ಇಸ್ರೇಲಿನದೆಂದು ತೀರ್ಮಾನವಾಗುತ್ತದೆ. ನಾಡಿಗೆ ಅವಳ ಕೈ ಬೇಕಾಯಿತು. ಅವಳ ಕಥೆ ಬೇಕಾಗಲಿಲ್ಲ. ಅಲ್ಲಿಂದ ಈಚೆಗೆ ಬಂದ ಇಸ್ರೇಲಿ ಚಿತ್ರಗಳಲ್ಲಿ ಉತ್ತಮವಾದುವೆಲ್ಲ, ತಿಳಿದೋ ತಿಳಿಯದೆಯೋ, ಹೀಗೆ ಹೇಳದೆ ಉಳಿದ ನಾಲ್ಕನೆಯ ಕಥೆಯನ್ನು ಹೇಳಲು ಹೊರಟವು ಎಂದು ನನಗೆ ತೋರುತ್ತದೆ.

ಎಸ್ತೇರಳಂಥವರು ಒಬ್ಬಿಬ್ಬರಲ್ಲ. ರಾಷ್ಟ್ರ ಸ್ಥಾಪನೆಯಾದ 1948ರಿಂದ 1951ರ ಕೊನೆಯವರೆಗೆ ಸುಮಾರು 6,80,000 ವಲಸೆಗಾರರು ಇಸ್ರೇಲಿಗೆ ಬಂದು ಸೇರಿದರು. ಅಲ್ಲಿನ ಯೆಹೂದಿ ಜನಸಂಖ್ಯೆ ಮೂರೂವರೆ ವರ್ಷಗಳಲ್ಲಿ ಇಮ್ಮಡಿಯಾಯಿತು. ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಯೂರೋಪಿನ ಯಾತನಾಶಿಬಿರಗಳಿಂದ ಬದುಕುಳಿದವರು ಮತ್ತು ಅವರ ನೆರೆಹೊರೆಯವರು. ಉಳಿದರ್ಧ ಯೆಮನ್, ಇರಾಕ್, ಮೊರಾಕೊ ಮೊದಲಾದ ದೇಶಗಳಿಂದ ಬಂದವರು. ಈ ಎರಡನೆಯವರನ್ನು ಒಟ್ಟಾಗಿ ‘ಮಿಜ್ರಾಹಿ’ಗಳು, ಅಂದರೆ ಪೂರ್ವದವರು, ಎಂದು ಕರೆಯುವ ರೂಢಿಯಾಯಿತು; ಯೂರೋಪಿನಿಂದ ಬಂದವರು ‘ಅಶ್ಕೆನಾಜಿ’ಗಳು. ಆಡಳಿತ, ವಿದ್ಯೆ, ನಾಟಕ, ಚಿತ್ರ ಎಲ್ಲವೂ ಮೊದಲಿಗೆ ಅಶ್ಕೆನಾಜಿಗಳ ಕೈಯಲ್ಲಿದ್ದುವು. ಪೂರ್ವದವರ ಪಾಲಿಗೆ ಬಂದದ್ದು ‘ಮಾಬರಾ’ ಎಂಬ ತಗಡು ಮತ್ತು ಬಟ್ಟೆಯ ಗುಡಾರಗಳ ತಾತ್ಕಾಲಿಕ ಶಿಬಿರ.

ಆ ಶಿಬಿರವನ್ನು ತೆರೆಯ ಮೇಲೆ ತಂದು ನಿಲ್ಲಿಸಿದ ಚಿತ್ರ 1964ರ ‘ಸಲ್ಲಾಹ್ ಶಬ್ಬಾತಿ’. ಅದನ್ನು ಬರೆದು ನಿರ್ದೇಶಿಸಿದ ಎಫ್ರೈಮ್ ಕಿಶೋನ್ ಹಂಗೇರಿಯಲ್ಲಿ ಹುಟ್ಟಿ, ನಾಜಿಗಳ ಕೈಯಿಂದ ತಪ್ಪಿಸಿಕೊಂಡು, 1949ರಲ್ಲಿ ಇಸ್ರೇಲಿಗೆ ಬಂದ ವಿನೋದಲೇಖಕರು. ನಾಯಕ ಸಲ್ಲಾಹ್ ದೊಡ್ಡ ಸಂಸಾರದೊಡನೆ ವಿಮಾನದಿಂದಿಳಿದು, ಮನೆ ಸಿಕ್ಕುತ್ತದೆಂದು ನಂಬಿ, ಗುಡಾರಕ್ಕೆ ಬಂದು ಬೀಳುತ್ತಾನೆ. ಒಂದು ಮನೆ ಸಂಪಾದಿಸುವುದೇ ಅವನ ಮಹಾಕಾವ್ಯ. ಚುನಾವಣೆ ಬಂದಾಗ ತನ್ನ ಮತವನ್ನು ಎಲ್ಲ ಪಕ್ಷಗಳಿಗೂ ಮಾರುತ್ತಾನೆ. ಗಿಡ ನೆಡುವ ಕೂಲಿಗೆ ಹೋದಾಗ, ಹಣ ಕೊಟ್ಟ ವಿದೇಶೀಯರು ನೋಡಲು ಬಂದಂತೆಲ್ಲ ಒಂದೇ ತೋಪಿಗೆ ಬೇರೆ ಬೇರೆ ದಾನಿಗಳ ಹೆಸರಿನ ಹಲಗೆ ಹಾಕುವುದನ್ನು ಕಣ್ಣಾರೆ ಕಾಣುತ್ತಾನೆ. ಕಡೆಗೆ ಅವನಿಗೆ ಹೊಳೆಯುವ ರಾಜಕೀಯ ಸತ್ಯವೊಂದಿದೆ: ಬೇಕು ಎಂದರೆ ಕೊಡದ ಸರಕಾರ, ಬೇಡ ಎಂದರೆ ತಂದು ಕೊಡುತ್ತದೆ. ‘ನಮಗೆ ಮನೆ ಬೇಡ’ ಎಂದು ಮೆರವಣಿಗೆ ತೆಗೆದು ಮನೆ ಪಡೆಯುತ್ತಾನೆ! ಆಸ್ಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಏರಿದ ಮೊದಲ ಇಸ್ರೇಲಿ ಚಿತ್ರ ಇದೇ.

ನಗೆಯ ಮಾತು ಸರಿ. ಆದರೆ ನಗುತ್ತಿರುವವರು ಯಾರು, ನಗೆಗೆ ವಸ್ತುವಾದವರು ಯಾರು? ಸಲ್ಲಾಹನ ಪಾತ್ರ ವಹಿಸಿದ ಹಾಯಿಮ್ ಟೋಪೋಲ್ ಟೆಲ್ ಅವೀವಿನಲ್ಲಿ ಹುಟ್ಟಿದ ಅಶ್ಕೆನಾಜಿ. ಆಗ ಅವರಿಗೆ ಮುವ್ವತ್ತು ವರ್ಷವೂ ಆಗಿರಲಿಲ್ಲ. ಗಡ್ಡ ಅಂಟಿಸಿಕೊಂಡು, ದನಿ ಬದಲಿಸಿಕೊಂಡು, ಸೋಮಾರಿಯೂ ಚತುರನೂ ಆದ ಪೂರ್ವದ ಮುದುಕನಾದರು. ಸಲ್ಲಾಹ್ ಯಾವ ದೇಶದಿಂದ ಬಂದವನೆಂದು ಚಿತ್ರ ಹೇಳುವುದೇ ಇಲ್ಲ. ಪೂರ್ವವೆಲ್ಲ ಒಂದೇ ಎಂಬಂತೆ ನಡೆದುಕೊಳ್ಳುತ್ತದೆ. ಬಾಗ್ದಾದಿನ ಯೆಹೂದಿ ಮನೆತನದ ವಿಮರ್ಶಕಿ ಎಲ್ಲಾ ಶೋಹತ್ 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಸ್ರೇಲಿ ಚಿತ್ರಗಳ ಈ ದೃಷ್ಟಿಯನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಅವರ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ ಕಿಶೋನರ ಚಿತ್ರವನ್ನು ನಾನು ಪೂರ್ತಿಯಾಗಿ ತಳ್ಳಿಹಾಕಲಾರೆ. ರಾಷ್ಟ್ರನಿರ್ಮಾಣದ ಭಾಷಣಗಳ ನಡುವೆ, ಆ ರಾಷ್ಟ್ರದೊಳಗೆ ತಲೆಯ ಮೇಲೆ ಸೂರಿಲ್ಲದವನೊಬ್ಬನಿದ್ದಾನೆಂದು ಅದು ಗಟ್ಟಿಯಾಗಿ ಹೇಳಿತು. ಹೇಳಿದ ದನಿ ಅವನದಲ್ಲ, ಅಷ್ಟೆ.

ಈ ಚಿತ್ರದ ಗೆಲುವಿನಿಂದ ಒಂದು ಬೆಳೆಯೇ ಹುಟ್ಟಿತು. 1960 ಮತ್ತು 70ರ ದಶಕಗಳಲ್ಲಿ ಬಂದ ಈ ಬಗೆಯ ಜನಪ್ರಿಯ ಚಿತ್ರಗಳಿಗೆ ‘ಬುರೆಕಾಸ್’ ಎಂದು ಹೆಸರು. ಬುರೆಕಾಸ್ ಎಂದರೆ ಗಿಣ್ಣನ್ನೋ ಆಲೂಗಡ್ಡೆಯನ್ನೋ ಒಳಗಿಟ್ಟು ಸುಟ್ಟು ತೆಗೆಯುವ, ಬೀದಿಬೀದಿಯಲ್ಲಿ ಮಾರುವ ತಿಂಡಿ. ಕಥೆಯ ಅಚ್ಚು ಒಂದೇ: ಬಡ ಮಿಜ್ರಾಹಿ ಮನೆ, ಉಳ್ಳವರ ಅಶ್ಕೆನಾಜಿ ಮನೆ, ಎರಡು ಮನೆಯ ಮಕ್ಕಳಿಗೂ ಪ್ರೇಮ, ಹಿರಿಯರ ಜಗಳ, ಕೊನೆಗೆ ಮದುವೆ. ವಿಮರ್ಶಕರು ಮೂಗು ಮುರಿದರು. ಜನ ಮುಗಿಬಿದ್ದು ನೋಡಿದರು. ಜನ ನೋಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ತಮ್ಮ ಅಡಿಗೆ, ತಮ್ಮ ಉಚ್ಚಾರಣೆ, ತಮ್ಮ ಅಜ್ಜಿಯಂದಿರು ಅವರಿಗೆ ಅಲ್ಲಿ ಕಂಡರು. ಆದರೆ ಆ ಕೊನೆಯ ಮದುವೆ ಒಂದು ಸುಳ್ಳು ಸಮಾಧಾನ. ವಸತಿ, ಕೂಲಿ, ಶಾಲೆ, ಅಧಿಕಾರಗಳಲ್ಲಿದ್ದ ಅಂತರವನ್ನು ಹಾರ ಬದಲಾಯಿಸಿ ಮುಚ್ಚಿಬಿಡಬಹುದೆಂದು ಅದು ನಂಬಿಸಿತು.

ಅಂಥ ಸಮಾಧಾನವನ್ನು ಒಲ್ಲದ ಚಿತ್ರವೂ ಅದೇ ಕಾಲದಲ್ಲಿ ಬಂತೆಂಬುದು ಸಂತೋಷದ ಸಂಗತಿ. ಅಲೆಕ್ಸಾಂಡ್ರಿಯದಲ್ಲಿ ಹುಟ್ಟಿದ ಮೊಶೆ ಮಿಜ್ರಾಹಿ ಅವರು 1973ರಲ್ಲಿ ‘ಶೆಲೂಶ್ ಬೀದಿಯ ಮನೆ’ಯನ್ನು ತೆಗೆದರು. ಬ್ರಿಟಿಷರ ಆಳ್ವಿಕೆಯ ಕಡೆಯ ವರ್ಷಗಳ ಟೆಲ್ ಅವೀವ್. ಈಜಿಪ್ತಿನಿಂದ ಬಂದ ವಿಧವೆ ಕ್ಲಾರಾ. ಅವಳಿಗೆ ನಾಲ್ವರು ಮಕ್ಕಳು. ಹಿರಿಯ ಮಗ ಹದಿನೈದರ ಪ್ರಾಯದಲ್ಲಿಯೇ ದುಡಿಮೆಗೆ ನಿಲ್ಲುತ್ತಾನೆ. ರಾಷ್ಟ್ರ ಹುಟ್ಟುತ್ತಿದೆ ಎಂಬ ಗಲಭೆ ಹೊರಗೆ. ನಾಳೆಯ ರೊಟ್ಟಿಯ ಚಿಂತೆ ಒಳಗೆ. ಇಲ್ಲಿ ಪೂರ್ವದವರು ನಗೆಯ ಗೊಂಬೆಗಳಲ್ಲ. ಪ್ರೀತಿ, ಕೋಪ, ಮಾನ, ಅಪಮಾನಗಳೆಲ್ಲ ಇರುವ ಪೂರ್ಣ ಮನುಷ್ಯರು. ಎಸ್ತೇರಳ ಕಥೆಯನ್ನು ಅವಳ ಕಡೆಯವರೇ ಹೇಳತೊಡಗಿದರೆ ಹೇಗಿರುತ್ತದೆಂಬುದಕ್ಕೆ ಇದು ಮೊದಲ ಉತ್ತರ.

ಪೂರ್ವದವರೆಂದು ಹೆಸರುಪಡೆದ ಈ ಗುಂಪಿನಲ್ಲಿ ನಮ್ಮ ದೇಶದವರೂ ಇದ್ದರು. ಕೊಂಕಣ ತೀರದಲ್ಲಿ ಶತಮಾನಗಳ ಕಾಲ ನೆಲೆಸಿ, ಮರಾಠಿ ಆಡುತ್ತಿದ್ದ ಬೆನೆ ಇಸ್ರೇಲ್ ಯೆಹೂದಿಗಳು ಅಲ್ಲಿಗೆ ಹೋದಾಗ, ಇವರು ಶುದ್ಧ ಯೆಹೂದಿಗಳೇ, ಇವರೊಡನೆ ಮದುವೆ ಸಲ್ಲುತ್ತದೆಯೇ ಎಂದು ಅಲ್ಲಿನ ಧರ್ಮಾಧಿಕಾರಿಗಳು ವಿಚಾರಣೆಗೆ ತೊಡಗಿದರು. ಬೆನೆ ಇಸ್ರೇಲಿಗಳು ಪ್ರತಿಭಟಿಸಿದರು. 1964ರಲ್ಲಿ ಅವರ ಸಮಾನತೆಯನ್ನು ಒಪ್ಪಬೇಕಾಯಿತು. ಆವಿ ನೆಶೆರ್ ಅವರ 2004ರ ಚಿತ್ರವೊಂದರಲ್ಲಿ 1960ರ ದಶಕದ ಮರುಭೂಮಿಯ ಪುಟ್ಟ ಊರಿಗೆ ಭಾರತದ ಯೆಹೂದಿ ಸಂಸಾರಗಳು ಬಂದಿಳಿಯುತ್ತವೆ. ಅಲ್ಲಿ ಮೊದಲೇ ನೆಲೆಸಿದ್ದ ಮೊರಾಕೊದವರಿಗೆ ಇವರ ಇಂಗ್ಲಿಷ್ ನಡೆನುಡಿ, ಇವರ ಕ್ರಿಕೆಟ್ ಎರಡೂ ವಿಚಿತ್ರ. ‘ಜಗತ್ತಿನ ಕೊನೆಯಲ್ಲಿ ಎಡಕ್ಕೆ ತಿರುಗಿ’ ಎಂಬುದು ಆ ಚಿತ್ರದ ಹೆಸರಿನ ಅರ್ಥ. ತುಳಿತಕ್ಕೊಳಗಾದ ಇಬ್ಬರು ನೆರೆಯವರಾದೊಡನೆ ಮಿತ್ರರಾಗುವುದಿಲ್ಲ. ತಮಗಿಂತ ಕೆಳಗೆ ಒಬ್ಬನನ್ನು ಹುಡುಕುತ್ತಾರೆ. ಈ ಕಹಿಯನ್ನು ಚಿತ್ರ ತಿಳಿಹಾಸ್ಯದಲ್ಲಿ ಅದ್ದಿ ಕೊಡುತ್ತದೆ.

ಯೂರೋಪಿನಿಂದ ಬಂದವರ ಮನೆಗಳಲ್ಲಿಯೂ ಹೇಳದೆ ಮುಚ್ಚಿಟ್ಟ ಕಥೆ ಇತ್ತು. ಹೊಸ ರಾಷ್ಟ್ರಕ್ಕೆ ಬೇಕಾಗಿದ್ದುದು ಬಿಸಿಲಿಗೆ ಕಂದಿದ, ನೇಗಿಲು ಬಂದೂಕು ಎರಡನ್ನೂ ಬಲ್ಲ ವೀರ ತರುಣ. ಯಾತನಾಶಿಬಿರಗಳ ನೆನಪಿನಿಂದ ರಾತ್ರಿ ಕಿರಿಚಿಕೊಳ್ಳುವ ತಾಯಿಯಲ್ಲ. 1988ರ ‘ಅವಿಯಾಳ ಬೇಸಗೆ’ ಆ ತಾಯಿಯನ್ನು ತೆರೆಯ ನಡುವೆ ತಂದಿತು. ನಟಿ ಗಿಲಾ ಅಲ್ಮಗೋರ್ ತಮ್ಮ ಬಾಲ್ಯವನ್ನು ಕುರಿತು ಬರೆದ ಪುಸ್ತಕವೇ ಅದರ ಮೂಲ. ನಿರ್ದೇಶಕ ಎಲಿ ಕೋಹೆನ್. ಕಾಲ 1951. ಹತ್ತು ವರ್ಷದ ಅವಿಯಾಳನ್ನು ವಸತಿಶಾಲೆಯಿಂದ ಮನೆಗೆ ಕರೆತರುವ ತಾಯಿ, ಹೇನಿಗೆ ಹೆದರಿ ಮಗುವಿನ ತಲೆಯನ್ನು ನುಣ್ಣಗೆ ಬೋಳಿಸಿಬಿಡುತ್ತಾಳೆ. ಆ ಬೋಳುತಲೆಯಲ್ಲಿ ಯಾವ ಶಿಬಿರದ ನೆರಳು ಬಿದ್ದಿದೆಯೆಂದು ಪ್ರೇಕ್ಷಕನಿಗೆ ಯಾರೂ ವಿವರಿಸಬೇಕಾಗಿಲ್ಲ. ಮಗು ತಾನು ಕಾಣದ ತಂದೆಯನ್ನು ಹೊಸದಾಗಿ ಬಂದ ನೆರೆಯವನಲ್ಲಿ ಕಂಡುಕೊಳ್ಳಲು ಹವಣಿಸುತ್ತದೆ. ಅಲ್ಮಗೋರ್ ಇಲ್ಲಿ ವಹಿಸಿದ್ದು ತಮ್ಮ ತಾಯಿಯ ಪಾತ್ರವನ್ನು. ‘ಸಲ್ಲಾಹ್’ದಲ್ಲಿ ಶಿಬಿರದ ಜನರನ್ನು ತಿದ್ದಲು ಬಂದ ಸಮಾಜಸೇವಕಿಯಾಗಿ, ‘ಶೆಲೂಶ್ ಬೀದಿಯ ಮನೆ’ಯಲ್ಲಿ ವಿಧವೆ ಕ್ಲಾರಾ ಆಗಿ ನಟಿಸಿದವರೂ ಅವರೇ. ಪರರನ್ನು ತಿದ್ದುವ ಪಾತ್ರದಿಂದ ಹೊರಟು, ಪರರ ನೋವಿನ ಮೂಲಕ ಹಾದು, ಹೆತ್ತ ತಾಯಿಯ ನೋವಿಗೆ ಬಂದು ಮುಟ್ಟಿದ ಈ ಇಪ್ಪತ್ತನಾಲ್ಕು ವರ್ಷಗಳ ಹಾದಿ ಒಬ್ಬ ನಟಿಯ ಹಾದಿ ಮಾತ್ರವಲ್ಲ, ಆ ದೇಶದ ಚಿತ್ರಕಲೆಯ ಹಾದಿಯೂ ಹೌದು.

ಈ ಹಾದಿ ಹೊಸ ಶತಮಾನದಲ್ಲಿ ಮನೆಯ ಒಳಕೋಣೆಗೇ ಹೊಕ್ಕಿತು. ನಿರ್ ಬೆರ್ಗ್‌ಮನ್ ಅವರ 2002ರ ‘ಮುರಿದ ರೆಕ್ಕೆಗಳು’ ಹೈಫಾ ನಗರದ ಒಂದು ಸಂಸಾರದ ಕಥೆ. ಮನೆಯ ಯಜಮಾನ ತೀರಿಕೊಂಡಿದ್ದಾನೆ. ಸೂಲಗಿತ್ತಿಯ ಕೆಲಸ ಮಾಡುವ ತಾಯಿಯೂ ನಾಲ್ವರು ಮಕ್ಕಳೂ ಆ ಸಾವಿನ ಕೆಳಗೆ ಕುಸಿದಿದ್ದಾರೆ. ಅವನು ಸತ್ತದ್ದು ಯುದ್ಧದಲ್ಲಲ್ಲ, ಜೇನು ಕಡಿದು. ಸಾವೆಂದರೆ ಹುತಾತ್ಮನ ಸಾವೇ ಎಂದು ರೂಢಿಯಾಗಿದ್ದ ತೆರೆಯ ಮೇಲೆ ಇಂಥ ಸಾಮಾನ್ಯ ಸಾವಿಗೂ ಕಣ್ಣೀರಿನ ಹಕ್ಕು ದೊರೆತದ್ದನ್ನು ನಾನು ದೊಡ್ಡ ಬದಲಾವಣೆಯೆಂದು ಎಣಿಸುತ್ತೇನೆ.

ಮದುವೆಯ ಮಾತಿಗೆ ಬಂದರೆ ಎರಡು ಚಿತ್ರಗಳನ್ನು ಜೊತೆಜೊತೆಯಾಗಿ ನೋಡಬೇಕು. ಮೊದಲನೆಯದು ಡೊವೆರ್ ಕೊಸಾಶ್ವಿಲಿ ಅವರ ‘ತಡವಾದ ಮದುವೆ’, 2001ರದು. ಜಾರ್ಜಿಯ ದೇಶದಿಂದ ಬಂದ ಯೆಹೂದಿ ಮನೆತನ. ಮಾತು ಬಹುಪಾಲು ಜಾರ್ಜಿಯನ್. ತತ್ತ್ವಶಾಸ್ತ್ರದಲ್ಲಿ ಸಂಶೋಧನೆ ನಡೆಸುತ್ತಿರುವ ಮೂವತ್ತೊಂದರ ಝಾಝಾನಿಗೆ ತಾಯಿತಂದೆ ಹೆಣ್ಣು ನೋಡುತ್ತಲೇ ಇದ್ದಾರೆ. ಅವನು ಪ್ರೀತಿಸುವುದು ಮಗಳೊಬ್ಬಳಿರುವ ವಿಚ್ಛೇದಿತೆ ಜೂಡಿತಳನ್ನು. ಒಂದು ಸಂಜೆ ಬಂಧುಬಳಗವೆಲ್ಲ ಆ ಹೆಂಗಸಿನ ಮನೆಗೆ ನುಗ್ಗುತ್ತದೆ. ಕೊನೆಯಲ್ಲಿ ಝಾಝಾ ಬೇರೊಬ್ಬಳ ವರನಾಗಿ ನಿಂತಿರುತ್ತಾನೆ. ನಾಯಕನ ತಾಯಿಯ ಪಾತ್ರವನ್ನು ನಿರ್ದೇಶಕರ ತಾಯಿಯೇ ವಹಿಸಿದ್ದಾರೆ. ಆ ತಾಯಿ ಕ್ರೂರಿಯಲ್ಲ, ಪ್ರೀತಿಯೇ ಅವಳ ಆಯುಧ. ಎರಡನೆಯದು ರಮಾ ಬುರ್ಶ್ಟೈನ್ ಅವರ 2012ರ ‘ಫಿಲ್ ದ ವಾಯ್ಡ್’. ಟೆಲ್ ಅವೀವಿನ ಕಟ್ಟಾ ಸಂಪ್ರದಾಯಸ್ಥ ಮನೆಯ ಹದಿನೆಂಟರ ಶಿರಾ ತನ್ನ ಮದುವೆಯ ಕನಸು ಕಾಣುತ್ತಿರುವಾಗ ಅಕ್ಕ ಬಾಣಂತನದಲ್ಲಿ ತೀರಿಕೊಳ್ಳುತ್ತಾಳೆ. ಭಾವನಿಗೆ ಬೆಲ್ಜಿಯಮ್ಮಿನಿಂದ ಸಂಬಂಧ ಬಂದಿದೆ. ಮಗು ಕಣ್ಮರೆಯಾದೀತೆಂಬ ಭಯದಿಂದ ತಾಯಿ ಕಿರಿಮಗಳನ್ನೇ ಆ ಸ್ಥಾನಕ್ಕೆ ಒಪ್ಪಿಸಲು ಯತ್ನಿಸುತ್ತಾಳೆ. ಶಿರಾಳಾಗಿ ನಟಿಸಿದ ಹಡಸ್ ಯಾರೋನ್ ವೆನಿಸ್ ಉತ್ಸವದಲ್ಲಿ ಶ್ರೇಷ್ಠ ನಟಿಯೆನಿಸಿದರು.

ಮೊದಲ ಚಿತ್ರ ಸಂಪ್ರದಾಯದ ಮೇಲೆ ಸಿಟ್ಟಾಗಿದೆ. ಎರಡನೆಯದು ಸಂಪ್ರದಾಯದ ಒಳಗಿನಿಂದಲೇ, ಆ ಜೀವನವನ್ನು ತಾನೇ ಆರಿಸಿಕೊಂಡ ಹೆಣ್ಣೊಬ್ಬಳಿಂದ ಬಂದಿದೆ. ನನಗೆ ಒಪ್ಪಿಗೆಯಾಗುವುದು ಮೊದಲನೆಯದರ ಸಿಟ್ಟು. ಹೆಚ್ಚು ಕಾಡಿದ್ದು ಎರಡನೆಯದರ ಸಂದಿಗ್ಧತೆ. ಶಿರಾ ಒಪ್ಪಿದಾಗ ಅದು ಅವಳ ಇಚ್ಛೆಯೋ ಮನೆಯ ಇಚ್ಛೆಯೋ ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಮಡದಿ ಸತ್ತ ಮನೆಗೆ ತಂಗಿಯನ್ನು ಕೊಟ್ಟ ಉದಾಹರಣೆ ತಮ್ಮ ಬಳಗದಲ್ಲಿಯೇ ಇರುವ ವಾಚಕರಿಗೆ ಈ ಸಂದಿಗ್ಧ ಚೆನ್ನಾಗಿ ಅರ್ಥವಾದೀತು.

ಇಚ್ಛೆಯ ಪ್ರಶ್ನೆ ಕಾನೂನಿನ ಪ್ರಶ್ನೆಯಾಗುವುದು ‘ಗೆಟ್’ ಚಿತ್ರದಲ್ಲಿ. 1953ರ ಶಾಸನದಂತೆ ಇಸ್ರೇಲಿನಲ್ಲಿ ಯೆಹೂದಿಗಳ ಮದುವೆ, ವಿಚ್ಛೇದನಗಳು ರಬ್ಬಿಗಳ ಧರ್ಮನ್ಯಾಯಾಲಯಕ್ಕೆ ಸೇರಿವೆ. ದೇಶದೊಳಗೆ ನಾಗರಿಕ ವಿವಾಹಕ್ಕೆ ಎಡೆಯಿಲ್ಲ. ‘ಗೆಟ್’ ಎಂದರೆ ಗಂಡ ತನ್ನ ಕೈಯಾರೆ ಕೊಡಬೇಕಾದ ಬಿಡುಗಡೆಪತ್ರ. ಅವನು ಕೊಡಲೊಲ್ಲೆನೆಂದರೆ ಹೆಂಡತಿ ಬಂದಿನಿ. ರೋನಿತ್ ಎಲ್ಕಬೆಟ್ಜ್ ಮತ್ತು ಅವರ ತಮ್ಮ ಶ್ಲೋಮಿ ಸೇರಿ ಮೊರಾಕೊ ಮೂಲದ ವಿವಿಯನ್ ಎಂಬ ಹೆಣ್ಣಿನ ದಾಂಪತ್ಯವನ್ನು 2004, 2008, 2014ರ ಮೂರು ಚಿತ್ರಗಳಲ್ಲಿ ಬಿಡಿಸಿದರು. ಸ್ವಂತ ತಾಯಿಯ ಬದುಕೇ ಅವರಿಗೆ ಪ್ರೇರಣೆ. ವಿವಿಯನ್ ಆಗಿ ನಟಿಸಿದವರು ರೋನಿತ್. ಮೂರನೆಯದಾದ ‘ಗೆಟ್’ ನ್ಯಾಯಾಲಯದ ಕೋಣೆಯನ್ನೂ ಅದರ ಹೊರಗಿನ ಪಡಸಾಲೆಯನ್ನೂ ಬಿಟ್ಟು ಹೋಗುವುದೇ ಇಲ್ಲ. ಮೊದಲ ದೃಶ್ಯದಲ್ಲಿ ಗಂಡಸರು ವಿವಿಯನ್ ವಿಷಯ ಮಾತನಾಡುತ್ತಿರುತ್ತಾರೆ. ಅವಳ ಮುಖ ನಮಗೆ ಕಾಣುವುದು ಬಹಳ ಹೊತ್ತಿನ ಮೇಲೆ. ಅವಳು ಅಲ್ಲಿಯೇ ಇದ್ದಾಳೆ. ಆದರೆ ಕಾನೂನಿನ ಕಣ್ಣಿಗೆ ಇಲ್ಲ. ಐದು ವರ್ಷಗಳ ವಿಚಾರಣೆ. ಗಂಡ ದುಷ್ಟನಲ್ಲ, ಹೊಡೆಯುವವನಲ್ಲ, ದೇವಭಕ್ತ, ಬಿಟ್ಟುಕೊಡಲಾರ, ಅಷ್ಟೆ. ಕಡೆಗೆ ಅವನು ಒಪ್ಪುವುದೂ, ಮತ್ತೆ ಯಾವ ಗಂಡಸನ್ನೂ ಸೇರುವುದಿಲ್ಲವೆಂದು ಅವಳಿಂದ ಮಾತು ತೆಗೆದುಕೊಂಡ ಮೇಲೆಯೇ. 24ನೆಯ ಗುಡ್ಡದ ಮೇಲೆ ಹೆಣ್ಣಿನ ಕೈಗೆ ಧ್ವಜ ಕೊಟ್ಟ ರಾಷ್ಟ್ರ, ನ್ಯಾಯಾಲಯದಲ್ಲಿ ಅದೇ ಕೈಗೆ ಒಂದು ಕಾಗದ ಕೊಡಲು ಐದು ವರ್ಷ ಕಾಯಿಸಿತು. ರೋನಿತ್ 2016ರಲ್ಲಿ ಐವತ್ತೊಂದರ ಪ್ರಾಯದಲ್ಲಿಯೇ ತೀರಿಕೊಂಡದ್ದು ದೊಡ್ಡ ನಷ್ಟ.

ತಂದೆಮಕ್ಕಳ ಕಥೆಯೊಂದನ್ನೂ ಹೇಳದಿದ್ದರೆ ಉಪಾಧ್ಯಾಯ ಮಿತ್ರರು ಕ್ಷಮಿಸಲಾರರು. ಜೋಸೆಫ್ ಸೀಡರ್ ಅವರ 2011ರ ‘ಅಡಿಟಿಪ್ಪಣಿ’ಯಲ್ಲಿ ತಂದೆಯೂ ಮಗನೂ ಜೆರೂಸಲೇಮಿನ ವಿಶ್ವವಿದ್ಯಾಲಯದಲ್ಲಿ ತಲ್ಮೂದ್ ಗ್ರಂಥದ ಪಂಡಿತರು. ಮಗ ಪ್ರಸಿದ್ಧ; ಜೀವಮಾನವಿಡೀ ಪಾಠಾಂತರಗಳನ್ನು ಹೋಲಿಸಿದ ತಂದೆಯ ಕೀರ್ತಿಯೆಲ್ಲ ಹಿರಿಯ ವಿದ್ವಾಂಸರೊಬ್ಬರ ಗ್ರಂಥದ ಒಂದು ಅಡಿಟಿಪ್ಪಣಿಯಲ್ಲಿ ಅಡಗಿದೆ. ಮಗನಿಗೆ ಸಲ್ಲಬೇಕಾದ ರಾಷ್ಟ್ರದ ಉನ್ನತ ಪ್ರಶಸ್ತಿಯ ಸುದ್ದಿ ತಪ್ಪಿ ತಂದೆಗೆ ತಲಪುತ್ತದೆ. ಸುದ್ದಿ ತಪ್ಪೆಂದು ತಂದೆಗೆ ಗೊತ್ತಾಗಕೂಡದೆಂದು ಮಗನೇ ತಂದೆಯ ಪ್ರಶಂಸಾಪತ್ರವನ್ನು ಗುಟ್ಟಾಗಿ ಬರೆಯುತ್ತಾನೆ. ಆದರೆ ಪದಗಳ ಜಾಡು ಹಿಡಿಯುವುದೇ ಕಸುಬಾದ ತಂದೆಗೆ ಆ ಬರಹದ ಪದವೊಂದರಿಂದಲೇ ಬರೆದವರು ಯಾರೆಂದು ತಿಳಿದುಹೋಗುತ್ತದೆ. ಪಾಂಡಿತ್ಯ ಮನುಷ್ಯನನ್ನು ಇಷ್ಟು ನಿರ್ದಯವಾಗಿ ತಿರುಗಿ ಹೊಡೆದ ಕಥೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇಷ್ಟೆಲ್ಲ ಮನೆಗಳ ಬಾಗಿಲು ತೆರೆಯಿತು. ಒಂದು ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಗುಡ್ಡದ ಕಥೆಯಲ್ಲಿ ಎಸ್ತೇರಳಿಗೆ ಕಥೆಯಿರಲಿಲ್ಲ, ಹೆಸರಾದರೂ ಇತ್ತು. ಆ ನೆಲದ ಅರಬರಿಗೆ ಹೆಸರೂ ಇರಲಿಲ್ಲ. 1948ರಲ್ಲಿ ಸುಮಾರು 7,00,000 ಪ್ಯಾಲೆಸ್ತೀನೀಯರು ಮನೆಮಠ ಕಳೆದುಕೊಂಡರು; ಇಸ್ರೇಲಿನ ಒಳಗೆ ಉಳಿದವರ ಸಂತತಿ ಇಂದು ಆ ದೇಶದ ಪ್ರಜೆಗಳಲ್ಲಿ ಐದರಲ್ಲೊಂದು ಪಾಲು. ಅವರ ಮನೆಯೊಳಕ್ಕೆ ಕ್ಯಾಮೆರಾ ಹೋದದ್ದು ತಡವಾಗಿ. ಎರನ್ ಕೊಲಿರಿನ್ ಅವರ 2007ರ ‘ದ ಬ್ಯಾಂಡ್ಸ್ ವಿಸಿಟ್’ ಈ ದೂರವನ್ನು ಮೃದುವಾಗಿ ಮುಟ್ಟಿತು. ಈಜಿಪ್ತಿನ ಪೊಲೀಸ್ ವಾದ್ಯಗೋಷ್ಠಿಯೊಂದು ಊರಿನ ಹೆಸರಿನ ಒಂದು ಅಕ್ಷರ ತಪ್ಪಿ ಯಾವುದೋ ಮರುಭೂಮಿಯ ಊರಿಗೆ ಬಂದು ಒಂದು ರಾತ್ರಿ ಕಳೆಯುತ್ತದೆ. ಈಜಿಪ್ತಿನ ಚಿತ್ರ ದೂರದರ್ಶನದಲ್ಲಿ ಬರುವಾಗ ಬೀದಿಗಳು ಬರಿದಾಗುತ್ತಿದ್ದ ದಿನಗಳನ್ನು ಆ ಊರಿನ ಹೋಟೆಲಿನವಳು ನೆನೆಯುತ್ತಾಳೆ. ಗೋಷ್ಠಿಯ ನಾಯಕನಾಗಿ ನಟಿಸಿದ ಸಾಸನ್ ಗಬಾಯ್ ಬಾಗ್ದಾದಿನಲ್ಲಿ ಹುಟ್ಟಿದ ಯೆಹೂದಿ. ಹೀಬ್ರೂ ಬಲ್ಲವರೂ ಅರಬ್ಬೀ ಬಲ್ಲವರೂ ಅರೆಬರೆ ಇಂಗ್ಲಿಷಿನಲ್ಲಿಯೇ ಮನಸ್ಸು ಬಿಚ್ಚುತ್ತಾರೆ. ಇಂಗ್ಲಿಷ್ ಹೆಚ್ಚಾಯಿತೆಂದು ಆಸ್ಕರಿನ ಪರಭಾಷಾ ಚಿತ್ರಗಳ ಪಂಗಡದಿಂದ ಅದನ್ನು ಹೊರಗಿಟ್ಟರು!

ಮೃದುತ್ವ ಸಾಲದೆಂದು ಹೇಳಿದ ಚಿತ್ರ 2009ರ ‘ಅಜಾಮಿ’. ಅದು ಯಾಫಾದ ಒಂದು ಕೇರಿಯ ಹೆಸರು. ಪ್ಯಾಲೆಸ್ತೀನೀ ಪ್ರಜೆ ಸ್ಕಂದರ್ ಕೋಪ್ತಿ, ಯೆಹೂದಿ ಯಾರೋನ್ ಶಾನಿ ಇಬ್ಬರೂ ಕೂಡಿ, ನಟರಲ್ಲದ ಆ ಕೇರಿಯ ಜನರಿಂದಲೇ ನಟನೆ ಮಾಡಿಸಿ, ಸಾಲ, ಸೇಡು, ಪರವಾನಗಿಯಿಲ್ಲದ ದುಡಿಮೆಗಳ ಬದುಕನ್ನು ಐದು ಅಧ್ಯಾಯಗಳಲ್ಲಿ ಹೇಳಿದರು. 2010ರಲ್ಲಿ ಅದು ಇಸ್ರೇಲಿನ ಹೆಸರಿನಲ್ಲಿ ಆಸ್ಕರ್ ಸ್ಪರ್ಧೆಗೆ ನಿಂತಾಗ, ತಾನು ಇಸ್ರೇಲನ್ನು ಪ್ರತಿನಿಧಿಸುವವನಲ್ಲವೆಂದು ಕೋಪ್ತಿ ಬಹಿರಂಗವಾಗಿ ಹೇಳಿಬಿಟ್ಟರು. ಕೋಲಾಹಲವಾಯಿತು. ತನ್ನ ಕಥೆಯನ್ನು ಹೇಳಿಕೊಂಡವನು ಆ ಕಥೆಯನ್ನು ಯಾವ ಧ್ವಜದ ಕೆಳಗೆ ಇಡಬೇಕೆಂದು ಹೇಳುವ ಹಕ್ಕನ್ನೂ ಕೇಳಿದ, ಅಷ್ಟೆ. ಅದು ತಪ್ಪೆಂದು ನನಗೆ ತೋರುವುದಿಲ್ಲ.

ಮುಚ್ಚಿದ ಬಾಗಿಲು ತೆರೆಯುವವರ ಮೇಲೆ ಅಧಿಕಾರ ಕೋಪಗೊಳ್ಳುವುದು ಸಹಜ. ಸ್ಯಾಮುಯೆಲ್ ಮಾವೊಝ್ ಅವರ 2017ರ ‘ಫಾಕ್ಸ್‌ಟ್ರಾಟ್’ ಪ್ರಾರಂಭವಾಗುವುದು ಟೆಲ್ ಅವೀವಿನ ಮನೆಯ ಬಾಗಿಲಲ್ಲಿ. ಮಗ ಸತ್ತನೆಂದು ತಿಳಿಸಲು ಸೈನಿಕರು ಬಂದು ನಿಂತಿದ್ದಾರೆ. ಆ ಬಾಗಿಲಿನಿಂದ ಚಿತ್ರ ನಮ್ಮನ್ನು ದೂರದ ರಸ್ತೆಯ ತಪಾಸಣೆಯ ಕಟ್ಟೆಗೆ ಕರೆದೊಯ್ಯುತ್ತದೆ. ಅಲ್ಲಿ ಕಾರಿನಲ್ಲಿದ್ದ ಪ್ಯಾಲೆಸ್ತೀನೀ ತರುಣ ತರುಣಿಯರನ್ನು ಗಾಬರಿಯಲ್ಲಿ ಕೊಂದು, ಕಾರನ್ನೇ ಮಣ್ಣಿನಲ್ಲಿ ಮುಚ್ಚುತ್ತಾರೆ. ಮನೆಯ ಶೋಕಕ್ಕೂ ಕಟ್ಟೆಯ ಪಾಪಕ್ಕೂ ಗಂಟು ಹಾಕಿದ ಈ ಚಿತ್ರವನ್ನು ಅಂದಿನ ಸಂಸ್ಕೃತಿ ಸಚಿವೆ ಉಗ್ರವಾಗಿ ಖಂಡಿಸಿದರು. 2025ರ ಸೆಪ್ಟೆಂಬರಿನಲ್ಲಿ ಇಸ್ರೇಲಿ ಚಿತ್ರರಂಗದ ಸದಸ್ಯರು ತಮ್ಮ ಶ್ರೇಷ್ಠ ಪ್ರಶಸ್ತಿಯಾದ ಓಫಿರನ್ನು ‘ಕಡಲು’ ಎಂಬ ಚಿತ್ರಕ್ಕೆ ಕೊಟ್ಟರು. ಕಡಲನ್ನು ನೋಡಬೇಕೆಂದು ಹಂಬಲಿಸಿ, ತಪಾಸಣೆಯಲ್ಲಿ ತಡೆಯಲ್ಪಟ್ಟು, ಗುಟ್ಟಾಗಿ ಟೆಲ್ ಅವೀವಿನ ದಾರಿ ಹಿಡಿಯುವ ಪ್ಯಾಲೆಸ್ತೀನೀ ಹುಡುಗನ ಕಥೆ ಅದು. ಪ್ರಶಸ್ತಿ ಸಮಾರಂಭಕ್ಕೆ ಸರಕಾರದ ಹಣವನ್ನೇ ನಿಲ್ಲಿಸುವುದಾಗಿ ಸಂಸ್ಕೃತಿ ಸಚಿವರು ಸಾರಿದರು.

ಅದೇ ತಿಂಗಳು, ಬೇರೆ ಬೇರೆ ದೇಶಗಳ ಸಾವಿರಾರು ಚಿತ್ರಕಲಾವಿದರು, ಅನ್ಯಾಯದಲ್ಲಿ ಪಾಲುದಾರರೆಂದು ತಾವು ಭಾವಿಸುವ ಇಸ್ರೇಲಿ ಚಿತ್ರಸಂಸ್ಥೆಗಳೊಡನೆ ಕೆಲಸ ಮಾಡುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಮಂದಿ ಸತ್ತರು. ಅನಂತರ ಗಾಜಾದಲ್ಲಿ ನಡೆದ ಯುದ್ಧದಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಂತೆ 60,000ಕ್ಕೂ ಮೀರಿ ಜನ ಸತ್ತರು. ಹೀಗಿರುವಲ್ಲಿ ಆ ದೇಶದ ಚಿತ್ರಗಳನ್ನು ನೋಡುವುದೇ ಸಲ್ಲದೆಂದು ಯಾರಾದರೂ ಹೇಳಿದರೆ ಅವರ ನೋವನ್ನು ನಾನು ಅಲ್ಲಗಳೆಯಲಾರೆ. ಆದರೆ ಒಂದು ಮಾತು. ಚಿತ್ರವನ್ನು ರಾಷ್ಟ್ರದ ಕಿರೀಟದ ಗರಿಯೆಂದು ಮೆರೆಸುವವರೂ, ರಾಷ್ಟ್ರದ ಅಪರಾಧದ ಪಾಲುದಾರನೆಂದು ದೂಡುವವರೂ ಒಂದು ತಪ್ಪನ್ನು ಸಮಾನವಾಗಿ ಮಾಡುತ್ತಾರೆ: ಕಥೆ ರಾಷ್ಟ್ರದ್ದೆಂದು ತಿಳಿಯುತ್ತಾರೆ. ‘ಗೆಟ್’ ಇಸ್ರೇಲ್ ಸರಕಾರದ ಕಥೆಯಲ್ಲ, ವಿವಿಯನ್ನಳ ಕಥೆ. ‘ಅಜಾಮಿ’ ಆ ಕೇರಿಯವರ ಕಥೆ. ಅವುಗಳಿಗೆ ಕಿವಿ ಮುಚ್ಚಿಕೊಂಡರೆ, ಅವರನ್ನು ಮೊದಲೇ ಮೂಕರನ್ನಾಗಿ ಮಾಡಿದ್ದವರ ಕೆಲಸವನ್ನು ನಾವು ಮುಂದುವರಿಸಿದಂತಾಗುತ್ತದೆ.

ಹಾಗೆಂದು ನೋಡಿದ ಮಾತ್ರಕ್ಕೆ ನಮ್ಮ ಕರ್ತವ್ಯ ತೀರಿತೆಂದಲ್ಲ. ಪರರ ದುಃಖಕ್ಕೆ ಕಣ್ಣೀರು ಮಿಡಿದು ಹಗುರಾಗಿ ಏಳುವುದು ಪ್ರೇಕ್ಷಕನ ಹಳೆಯ ದೌರ್ಬಲ್ಯ. ಈ ಚಿತ್ರಗಳ ಮುಂದೆ ಕುಳಿತಾಗ ಕೇಳಿಕೊಳ್ಳಬೇಕಾದದ್ದು ಇಷ್ಟು: ಈ ಮನೆಯ ಕಿಟಕಿಯಿಂದ ಯಾರ ಮನೆ ಕಾಣುತ್ತಿಲ್ಲ? ಈ ಊಟದ ಮೇಜಿನ ಸುತ್ತ ಯಾರು ಕುಳಿತಿಲ್ಲ? ಇಸ್ರೇಲಿ ಚಲಚ್ಚಿತ್ರ ಎಪ್ಪತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ತಾನಾಗಿಯೇ ಹಲವು ಸಲ ಉತ್ತರ ಕೊಟ್ಟಿದೆ. ಪ್ರತಿ ಉತ್ತರದ ಬಳಿಕವೂ ಉತ್ತರ ಸಿಕ್ಕದ ಒಬ್ಬರು ಉಳಿದಿದ್ದಾರೆ. ಮೂವರ ಕಥೆ ಮುಗಿದೊಡನೆ ದೀಪ ಹೊತ್ತಿಸಿ ಪ್ರೇಕ್ಷಕರನ್ನು ಮನೆಗೆ ಕಳುಹಿಸುವುದು ಸುಲಭ. ನಾಲ್ಕನೆಯವಳು ಬಾಯಿ ತೆರೆಯುವವರೆಗೆ ಕತ್ತಲಲ್ಲಿ ಕಾದು ಕುಳಿತಿರುವುದೇ ಕಲೆಯ ಕೆಲಸ, ಸಹೃದಯನ ಕೆಲಸವೂ ಅದೇ.